ಕಿವಿ ಬಂದಿದ್ದ ನೂರರ ನೋಟು

ತಪ್ಪು ಹುಡುಕುವುದರಲ್ಲಿ ನನ್ನಷ್ಟು ಸುಖ ಕಂಡವರು ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬರಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ಮಗ್ಗದಿಂದ ಇಳಿದ ಸೀರೆಯನ್ನು ಬೆಳಕಿಗೆ ಹಿಡಿದು, ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಎಣ್ಣೆ ಕಲೆ ಕೂತಿದೆ ಎಂದು ನಾನು ನೋಡಿದ ಮೇಲೆಯೇ ಅದು ಮಡಿಸಿಡುವ ಕೋಣೆಗೆ ಹೋಗಬೇಕು. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ಪದ್ಧತಿ ಇದು. ಮಗ್ಗ ಮಗನದು, ವ್ಯವಹಾರ ಯಜಮಾನರದು, ಅಡುಗೆ ಸೊಸೆ ನಾಗರತ್ನಳದು, ತಪ್ಪು ನನ್ನದು. ಈ ಚಾಳಿ ಸೀರೆಗೆ ಮಾತ್ರ ನಿಲ್ಲುವುದಿಲ್ಲ ನೋಡಿ. ಬೀಗರ ಮನೆಯಲ್ಲಿ ಊಟಕ್ಕೆ ಕೂತರೂ ಅನ್ನದಲ್ಲಿ ಒಂದು ಕಲ್ಲು ಸಿಗುವವರೆಗೆ ನನಗೆ ಸಮಾಧಾನವಿಲ್ಲ. ಒಮ್ಮೆ ಶಿವಗಂಗೆಗೆ ಹೋದಾಗ ಅಮ್ಮನವರಿಗೆ ಉಡಿಸಿದ್ದ ಸೀರೆಯ ಅಂಚಿನಲ್ಲಿ ಎಳೆ ಜಾರಿದ್ದನ್ನು ಪೂಜಾರಿಗೆ ತೋರಿಸಿ ಬೈಸಿಕೊಂಡು ಬಂದಿದ್ದೇನೆ.

ಇಂಥ ನಾನು ಒಂದು ಸಲ ಕಣ್ಣು ಬಿಟ್ಟುಕೊಂಡೇ ಮೋಸಹೋದೆ. ನಮ್ಮ ಮನೆಗೆ ಬಣ್ಣದ ಟಿವಿ ಬಂದ ವರ್ಷ ಅದು. ಮಧುರೆ ಕಡೆಯವರು ಮದುವೆಗೆ ಸೀರೆ ಕೊಳ್ಳಲು ಬಂದಿದ್ದರು. ದುಡ್ಡನ್ನು ನಾನೇ ನೋಡಿ ತೆಗೆದುಕೊಂಡೆ. ಮಾರನೆಯ ದಿನ ಅದರಲ್ಲಿ ಒಂದು ನೂರರ ನೋಟು ಹಿಡಿದು ದಿನಸಿ ಅಂಗಡಿಗೆ ಹೋದರೆ, ಅಂಗಡಿಯವನು ಅದನ್ನು ಬಿಡಿಸಿ ತೀಡಿದ. ಒಳಗೆ ಮಡಚಿಕೊಂಡಿದ್ದ ಮೂಲೆ ತೆರೆದುಕೊಂಡು, ಬೆರಳುದ್ದದ ಕಾಗದವೊಂದು ಮೊಲದ ಕಿವಿಯ ಹಾಗೆ ಹೊರಗೆ ಚಾಚಿತು. "ಏನಮ್ಮಾ ಇದು, ನೋಟಿಗೆ ಕಿವಿ ಬಂದೈತೆ! ನಂಗ್ ಬ್ಯಾಡ, ಬೇರೆ ಕೊಡಿ" ಎಂದ. ಬೆಲ್ಲ, ಬೇಳೆ ಎಲ್ಲ ಅಲ್ಲೇ ಬಿಟ್ಟು ಬಂದೆ.

ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಕತ್ತರಿ ಹುಡುಕಿದ್ದು. ಸೀರೆಯಿಂದ ಹೊರಗೆ ಚಾಚಿದ ಎಳೆಯನ್ನೆಲ್ಲ ಕತ್ತರಿಸಿಯೇ ಮಾರುವುದು ನಮ್ಮ ನೀತಿ. ನೋಟಿಗೆ ಬೇರೆ ನೀತಿ ಉಂಟೆಂದು ನನಗೆ ಯಾರು ಹೇಳಿದ್ದರು? ಕಿವಿಯ ತುದಿಗೆ ಕತ್ತರಿ ಇಟ್ಟು ಒಂದು ಉಗುರಿನಷ್ಟು ಹಾರಿಸಿದ್ದೆನೋ ಇಲ್ಲವೋ, ನಾಗರತ್ನ ಓಡಿಬಂದು ಕೈ ಹಿಡಿದಳು. "ಅಯ್ಯೋ ಅತ್ತೆ, ಅದು ಸೀರೆ ಅಲ್ಲ, ನೋಟು!"

ಯಜಮಾನರಿಗೆ ಇಷ್ಟೇ ಸಾಕಾಗಿತ್ತು. "ಲೇ, ಇಷ್ಟುದ್ದ ಕಿವಿ ಕಾಣದೋಳಿಗೆ ಎಳೆ ಎಲ್ಲಿ ಕಾಣ್ತದೆ? ನಾಳೆಯಿಂದ ಸೀರೆ ನಾಗರತ್ನ ನೋಡ್ಲಿ, ನೀನು ಟಿವಿ ನೋಡು" ಎಂದರು. ಮಗ ಅಪ್ಪನ ಕಡೆ ನೋಡಿ ತಲೆಯಾಡಿಸಿದ. ಅಂದರೆ ಅವನದೂ ಅದೇ ಮಾತು. ನೂರು ರೂಪಾಯಿ ಹೋದರೆ ಹಾಳಾಗಲಿ. ಆದರೆ ನನ್ನ ಕೈಯಿಂದ ಸೀರೆ ಕಿತ್ತುಕೊಂಡರೆ ಆ ಮನೆಯಲ್ಲಿ ನನಗೂ ಮೂಲೆಯ ಒರಳುಕಲ್ಲಿಗೂ ಏನು ವ್ಯತ್ಯಾಸ? "ನೋಡೇ ತಗೊಂಡಿದ್ದು, ಬೇಕು ಅಂತ್ಲೇ ತಗೊಂಡಿದ್ದು" ಎಂದುಬಿಟ್ಟೆ. ಸುಳ್ಳು. ನನಗೆ ಆ ದಿನ ನೋಟಿನ ಮೇಲಿನ ಸಿಂಹಗಳೇ ಸರಿಯಾಗಿ ಕಂಡಿರಲಿಲ್ಲ.

ಸುಳ್ಳು ಹೇಳಿದ ಮೇಲೆ ಅದನ್ನು ನಿಜ ಮಾಡಬೇಕಲ್ಲ! ಸೊಸೆಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದೆ. ಅಲ್ಲಿನ ಗುಮಾಸ್ತ ನೋಟನ್ನು ತಿರುಗಿಸಿ ಮುರುಗಿಸಿ ನೋಡಿದವನು, ಮುಖವರಳಿಸಿ ಸ್ವಂತ ಜೇಬಿನಿಂದ ದುಡ್ಡು ತೆಗೆದ. "ನೂರ ಹತ್ತು ಕೊಡ್ತೀನಿ ಅಜ್ಜಿ, ಇದು ನನಗಿರಲಿ." ಬ್ಯಾಂಕಿನವರು ನಗುತ್ತಾ ದುಡ್ಡು ಕೊಟ್ಟದ್ದನ್ನು ನಾನು ಈ ಜನ್ಮದಲ್ಲಿ ಕಂಡಿರಲಿಲ್ಲ. ನೂರಕ್ಕೆ ನೂರ ಹತ್ತು ಕೊಡುವವನು ಹುಚ್ಚನಾಗಿರಬೇಕು, ಇಲ್ಲವೇ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ನೋಟು ಕಿತ್ತುಕೊಂಡು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡೆ.

ಹೊರಗೆ ಬಂದ ಮೇಲೆ ನಾಗರತ್ನ, "ಅತ್ತೆ, ನಮ್ಮ ಚಿಕ್ಕಪೇಟೆ ಸಾವ್ಕಾರ್ರು ಹಳೇ ನೋಟೆಲ್ಲ ಪುಸ್ತಕಕ್ಕೆ ಅಂಟಿಸಿಟ್ಕೊಂಡಿದಾರಲ್ವಾ?" ಎಂದಳು. ನಮ್ಮ ಸೀರೆ ಕೊಳ್ಳುವ ಬೆಂಗಳೂರಿನ ವ್ಯಾಪಾರಿ ಆತ. ಒಂದು ಎಳೆ ತಪ್ಪಿದ್ದರೆ ಸಾಕು, "ಡ್ಯಾಮೇಜು" ಎಂದು ಮೂವತ್ತು ವರ್ಷದಿಂದ ಸೀರೆಗೆ ಅರ್ಧ ಬೆಲೆ ಕಟ್ಟಿದ ಪುಣ್ಯಾತ್ಮ. ಮಾರನೆಯ ದಿನ ಮೊದಲ ರೈಲಿಗೆ ಇಬ್ಬರೂ ಹೊರಟೆವು.

ನೋಟು ಕಂಡದ್ದೇ ಸಾಹುಕಾರರು ಗಾದಿಯ ಮೇಲೆ ನೆಟ್ಟಗೆ ಕೂತರು. ಅಚ್ಚಿನ ಮನೆಯಲ್ಲಿ ನೋಟು ಕತ್ತರಿಸುವಾಗ ಕಾಗದದ ಮೂಲೆ ಮಡಚಿಕೊಂಡಿತ್ತಂತೆ, ಹಾಗಾಗಿ ಆ ತುಂಡು ಉಳಿದುಕೊಂಡಿದೆಯಂತೆ. "ಮುನ್ನೂರು ಕೊಡ್ತೀನಿ" ಎಂದರು.

"ತಪ್ಪಿದ್ರೆ ಬೆಲೆ ಅರ್ಧ ಅಲ್ವಾ ಸಾವ್ಕಾರ್ರೇ?" ಎಂದೆ.

"ಅದು ಸೀರೆಗೆ ಕಣಮ್ಮಾ. ನೋಟಿಗೆ ತಪ್ಪಿದ್ರೇನೇ ಬೆಲೆ."

"ಹಂಗಾದ್ರೆ ಮೂವತ್ತು ವರ್ಷದಿಂದ ಕಟ್ ಮಾಡಿದ್ದನ್ನೆಲ್ಲ ಇವತ್ತು ಸೇರಿಸಿ ಕೊಡಿ. ಸಾವಿರ."

ಅವರು ನಾನ್ನೂರು ಎಂದರು. ನಾನು ಅವರ ಹಾಗೆಯೇ ತುಟಿ ಸೊಟ್ಟ ಮಾಡಿ, ನೋಟು ಮಡಚಿ ಎದ್ದೆ. ಐನೂರು ಎಂದರು. ಚಪ್ಪಲಿ ಮೆಟ್ಟಿದೆ. ಎಂಟುನೂರಕ್ಕೆ ಕೈಮುಗಿದರು! ದುಡ್ಡು ಕೊಡುವಾಗ ಮಾತ್ರ ಕಿವಿಯ ತುದಿ ಸವರಿ, "ಇಲ್ಲಿ ಯಾರೋ ಕತ್ತರಿ ಆಡಿಸವ್ರೆ. ಇಲ್ದಿದ್ರೆ ನೀವು ಕೇಳಿದ ಸಾವಿರಾನೇ ಕೊಡ್ತಿದ್ದೆ. ಯಾರಮ್ಮಾ ಆ ತಿಳಿಗೇಡಿ?" ಎಂದು ಕೇಳಿದರು.

"ನಮ್ಮ ಸೊಸೆ" ಎಂದೆ.

 ಬೀದಿಗೆ ಇಳಿದ ಮೇಲೆ ನಾಗರತ್ನ ನನ್ನ ತೋಳು ಹಿಡಿದು ಒಂದು ಕನ್ನಡಕದ ಅಂಗಡಿಯ ಮುಂದೆ ನಿಲ್ಲಿಸಿ, "ಅತ್ತೆ, ಒಳಗ್ ಬರ್ತೀರೋ, ಇಲ್ಲಾ ಕತ್ತರಿಯಿಂದ ಇನ್ನೂರು ಹೋಗಿದ್ದನ್ನ ಮಾವನಿಗೆ ಹೇಳ್ಲೋ?" ಎಂದಳು. ಒಳಗೆ ಹೋದೆ.

ಮನೆಗೆ ಬಂದು, ಕನ್ನಡಕಕ್ಕೆ ಕೊಟ್ಟು ಉಳಿದ ದುಡ್ಡನ್ನು ಯಜಮಾನರ ಮುಂದೆ ಬಿಸಾಕಿ, "ಕಣ್ಣಿದ್ದೋರು ಸಂಪಾದಿಸಿದ್ದು" ಎಂದೆ. ಅವರು ಸೀರೆಯ ಮಾತು ಮತ್ತೆ ಎತ್ತಲಿಲ್ಲ. ಮೂಗಿನ ಮೇಲಿದ್ದದ್ದು ಏನೆಂದು ಮಗ ಕೇಳಿದ್ದಕ್ಕೆ, "ನೋಟು ನೋಡೋಕೆ" ಎಂದೆ. ನಾಗರತ್ನ ಒಳಗೆ ಹೋಗಿ ನಕ್ಕಳು.

ಬೆಳಿಗ್ಗೆ ಮಡಿಕೆಯ ಕೋಣೆಯಲ್ಲಿ ಕನ್ನಡಕ ಏರಿಸಿಕೊಂಡು, ಹಿಂದಿನ ವಾರ ನಾನೇ ಪಾಸು ಮಾಡಿಟ್ಟಿದ್ದ ಸೀರೆಗಳಲ್ಲಿ ಒಂದನ್ನು ಬಿಡಿಸಿದೆ. ಎರಡು ಕಡೆ ಎಳೆ ತಪ್ಪಿತ್ತು. ಇನ್ನೊಂದು ಬಿಡಿಸಿದೆ, ಸೆರಗಿನಲ್ಲೇ ಅಂಗೈಯಗಲ ಎಣ್ಣೆ ಕಲೆ. ಮೂರನೆಯದನ್ನು ಬಿಡಿಸುವ ಮೊದಲು ಬಾಗಿಲ ಕಡೆ ನೋಡಿದೆ, ಯಾರೂ ಇರಲಿಲ್ಲ. ಕನ್ನಡಕ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೊಮ್ಮೆ ನೋಡಿದೆ. ಎಲ್ಲವೂ ಚೆನ್ನಾಗಿಯೇ ಇದ್ದವು.