ಸೆನ್ಸರಿಗೆ ಎತ್ತಿದ ಮಂಗಳಾರತಿ

ನಾನು ಎಸ್ಸೆಸ್ಸೆಲ್ಸಿ ಪಾಸು. ಕಂಪ್ಯೂಟರ್ ಮುಂದೆ ಕೂರಲು ಇಷ್ಟು ವಿದ್ಯೆ ಧಾರಾಳವಾಯಿತು ಎಂದು ನಂಬಿದ್ದೇ ನನ್ನ ಮೊದಲ ಪಾಪ.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಗಿರಣಿ ಬಿಟ್ಟು ಮನೆಯಲ್ಲಿ ಕೂತಿದ್ದ ನನಗೆ ಚಾಮರಾಜಪುರಂನ ಮಹೇಶ ಕೆಲಸ ಕೊಟ್ಟ. ಅವನು ಅಂಗಡಿ, ಮನೆಗಳಿಗೆ ಇಂಟರ್‌ನೆಟ್ ಕೊಡುತ್ತಿದ್ದ. ಊರಲ್ಲಿರುವ ಅವನ ಯಂತ್ರಗಳ ಅಂಕಿಗಳೆಲ್ಲ ಒಂದೇ ಪರದೆಗೆ ಬರುತ್ತಿದ್ದವು. ಅದನ್ನು ನೋಡುತ್ತಾ ಕೂರುವುದು, ಕೆಂಪಾದರೆ ಕೂಗುವುದು. ಇದೇ ನನ್ನ ಘನವಾದ ಹುದ್ದೆ.

ಮೊದಲ ದಿನವೇ ಕೂಗಿದೆ.

"ಮಹೇಶಪ್ಪಾ, ಓಡಿ ಬಾ! ಈ ನಂಬರು ಏರ್ತಾನೇ ಅದೆ, ಇಳೀತಾನೇ ಇಲ್ಲ!"

ಪಕ್ಕದ ಕ್ಷೌರದಂಗಡಿಯಿಂದ ಅರ್ಧ ಗಡ್ಡದಲ್ಲೇ ಅವನು ಓಡಿಬಂದ. "ಸಿದ್ದಪ್ಪನೋರೇ, ಅದು ಕರೆಂಟ್ ಮೀಟರ್ ಇದ್ದಂಗೆ ಕಣ್ರೀ. ಒಟ್ಟು ಏರ್ತಾನೇ ಇರುತ್ತೆ, ಅದನ್ನ ಬುಡಿ. ಎಷ್ಟು ಬೇಗ ಏರ್ತಾ ಇದೆ ಅನ್ನೋದನ್ನ ನೋಡಿ."

ನನಗೆ ಜ್ಞಾನೋದಯವಾಯಿತು. ಸಂಜೆ ಹೆಂಡತಿ ಗಿರಿಜಾಗೂ ಅದನ್ನು ಹಂಚಿದೆ. "ನೋಡು, ಎಷ್ಟಿದೆ ಅನ್ನೋದಲ್ಲ, ಎಷ್ಟು ಬೇಗ ಬದಲಾಗುತ್ತೆ ಅನ್ನೋದೇ ವಿಜ್ಞಾನ."

"ಹಾಲು ಯಾವಾಗ ಉಕ್ಕುತ್ತೆ ಅಂತ ಮದ್ವೆ ಆದಾಗಿಂದ ಒಲೆ ಮುಂದೆ ನಿಂತಿದ್ದೀನಿ ಕಣ್ರೀ. ನಂಗ್ಯಾರೂ ಸಂಬಳ ಕೊಡ್ಲಿಲ್ಲ!"

ಅಲ್ಲಿಗಾದರೂ ನಾನು ಸುಮ್ಮನಾಗಬೇಕಿತ್ತು. ನಮ್ಮ ಒಳಕೋಣೆಯಲ್ಲಿ, ಇಂಟರ್‌ನೆಟ್ ಹಂಚುವ ದೊಡ್ಡ ಯಂತ್ರದ ಮುಂದೆ, ಬಿಸಿ ಅಳೆಯುವ ಪುಟ್ಟ ಸೆನ್ಸರ್ ತೂಗುಬಿಟ್ಟಿದ್ದರು. ಬಿಸಿ ತಟಕ್ಕನೆ ಏರಿದರೆ ಪರದೆ ಕೆಂಪಾಗಿ, ದೊಡ್ಡ ಯಂತ್ರ ಸುಟ್ಟುಹೋಗದಂತೆ ತಾನೇ ಆಫ್ ಆಗುವ ಏರ್ಪಾಡು. ಮಹೇಶ ಅದನ್ನು ಸ್ವಲ್ಪ ಸಡಿಲವಾಗಿ ಇಟ್ಟಿದ್ದ. ಕರ್ತವ್ಯನಿಷ್ಠೆ ಉಕ್ಕಿ ಬಂದು, ನಾನು ಯಾರಿಗೂ ಹೇಳದೆ, ಚೂರು ಬಿಸಿಯಾದರೂ ಆಫ್ ಆಗುವಷ್ಟು ಬಿಗಿ ಮಾಡಿದೆ.

ಆ ವಾರವೇ ರಾಜೀವನಗರದ ಕಾಲೇಜೊಂದರ ಪ್ರಿನ್ಸಿಪಾಲ್ ಮೇಡಂ ನಮ್ಮ ವ್ಯವಸ್ಥೆ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಮಹೇಶ ಉಳಿದ. ಇಲ್ಲದಿದ್ದರೆ ಷಟರ್ ಎಳೆಯಬೇಕು, ನಾನು ಮತ್ತೆ ಗಿರಿಜಾಳ ಒಲೆಯ ಮುಂದೆ!

ಇಂಥ ಶುಭಕಾರ್ಯಕ್ಕೆ ಯಂತ್ರಕ್ಕೊಂದು ಪೂಜೆ ಬೇಡವೇ? ಅವರು ಬರುವ ದಿನ ಮಿಂದು, ಹಣೆತುಂಬ ವಿಭೂತಿ ಬಳಿದು ಹೋದೆ. ಮೇಡಂ ಪರದೆ ಮುಂದೆ ಕೂತರು. ನಾನು ಮೆಲ್ಲಗೆ ಒಳಕೋಣೆಗೆ ನುಗ್ಗಿ, ಬಾಗಿಲು ಹಾಕಿಕೊಂಡು, ಕರ್ಪೂರ ಹಚ್ಚಿ ಆರತಿ ಎತ್ತಿದೆ. ಯಂತ್ರದ ಮುಖ ಯಾವುದೆಂದು ತಿಳಿಯಲಿಲ್ಲ. ಮುಂದೆ ತೂಗುತ್ತಿದ್ದ ಸೆನ್ಸರನ್ನೇ ಮುಖವೆಂದು ಭಾವಿಸಿ ಅದಕ್ಕೇ ಬೆಳಗಿದೆ.

ಗುಂಯ್ ಎನ್ನುತ್ತಿದ್ದ ಯಂತ್ರ ಗಪ್‌ಚುಪ್!

"ಸಿದ್ದಪ್ಪನೋರೇ, ಆಫ್ ಆಗ್ಬುಡ್ತು! ಸ್ವಿಚ್ ಹಾಕಿ!" ಹೊರಗಿನಿಂದ ಮಹೇಶನ ಕೂಗು. ಅರ್ಧ ಊರಿನ ಇಂಟರ್‌ನೆಟ್ ನಿಂತು, ಫೋನುಗಳು ಬಡಿದುಕೊಳ್ಳತೊಡಗಿದವು.

ಸ್ವಿಚ್ ಹಾಕಿದೆ. ಇದು ದೃಷ್ಟಿಯೇ, ಸಂಶಯವಿಲ್ಲ ಎನಿಸಿತು. ಈ ಸಲ ದೊಡ್ಡ ಬಿಲ್ಲೆ ಹಚ್ಚಿ ಬೆಳಗಿದೆ. ಮತ್ತೆ ಗಪ್‌ಚುಪ್! ಮತ್ತೆ ಸ್ವಿಚ್ ಹಾಕಿ, ಉಳಿದ ಕರ್ಪೂರವನ್ನೆಲ್ಲ ಸುರಿದು, ಗಂಟೆಯನ್ನೂ ಬಾರಿಸಿದೆ.

"ಒಳಗೆ ಗಂಟೆ ಶಬ್ದ ಯಾಕೆ ಬರ್ತಿದೆ?" ಎಂದರು ಮೇಡಂ. "ಮತ್ತೆ ಪರದೆ ಮೇಲಿನ ಈ ಬಿಸಿಯ ಗೆರೆ ಯಾಕೆ ಗೋಪುರ ಗೋಪುರವಾಗಿ ಏಳ್ತಿದೆ?"

ಬಾಗಿಲು ತೆರೆಯಿತು. ಹೊಗೆಯ ನಡುವೆ ತಟ್ಟೆ ಹಿಡಿದು ನಾನು.

"ಏಸಿ ಕೆಟ್ಟಿರ್ಬೇಕು," ಎಂದೆ ಗಂಭೀರವಾಗಿ.

ಮಹೇಶ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಮೇಡಂ ಮಾತ್ರ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಕರ್ಪೂರ ಹಚ್ಚಿದ್ದನ್ನೂ ಕಂಡುಹಿಡಿಯುತ್ತೆ ಅಂದ್ಮೇಲೆ ನಿಮ್ಮ ಸಾಫ್ಟ್‌ವೇರ್ ಚೆನ್ನಾಗಿದೆ ಕಣಪ್ಪ. ನಮ್ಮ ಕಾಲೇಜಿಗೂ ಹಾಕ್ಕೊಡಿ. ಆದ್ರೆ ಇವರನ್ನ ಮಾತ್ರ ಗೇಟಿನೊಳಗೆ ಬಿಡ್ಬೇಡಿ!"

ಹೀಗೆ ಮಹೇಶನ ವ್ಯಾಪಾರ ಉಳಿಯಿತು. ಮರುದಿನವೇ ಒಳಕೋಣೆಗೆ ಹೊಸ ಬೀಗ ಬಿತ್ತು. ಊರಿನ ಯಂತ್ರಗಳನ್ನೆಲ್ಲ ಕಾಯಲು ನನ್ನನ್ನು ನೇಮಿಸಿದ್ದರು. ಕಡೆಗೆ ನನ್ನಿಂದ ಯಂತ್ರಗಳನ್ನು ಕಾಯಲು ಒಂದು ಬೀಗವನ್ನು ನೇಮಿಸಬೇಕಾಯಿತು!