ಎರಡನೇ ಹಾರ್ನ್‌ನ ಕೆಂಪು ಸ್ವರದ ಕುರಿತು ಒಂದು ಅರಿಕೆ

ಪರಮಮಾನ್ಯ ಸ್ವರಲಿಪಿ ತಂತ್ರಾಂಶ ಮಹಾಶಯರೇ (ಹದಿನಾಲ್ಕನೇ ಆವೃತ್ತಿ, ಮೂರನೇ ಪರಿಷ್ಕರಣೆ),

ತಾವು ತೆರೆದುಕೊಳ್ಳಲು ತೆಗೆದುಕೊಳ್ಳುವ ನಾಲ್ಕು ನಿಮಿಷಗಳ ಬಿಡುವಿನಲ್ಲೇ ಈ ಪತ್ರವನ್ನು ಕಂತು ಕಂತಾಗಿ ಬರೆಯುತ್ತಿರುವುದರಿಂದ, ವಾಕ್ಯಗಳು ಅಲ್ಲಲ್ಲಿ ಉದ್ದವಾಗಿದ್ದರೆ ಅದರ ಶ್ರೇಯಸ್ಸು ತಮಗೇ ಸಲ್ಲತಕ್ಕದ್ದು. ತಾವು ಕ್ಷೇಮವೆಂದು ನಂಬಿದ್ದೇನೆ. ನಿನ್ನೆ ಮೂರು ಸಲ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಫಲಕ ತಗುಲಿಸಿಕೊಂಡು ಮೌನಕ್ಕೆ ಶರಣಾದಾಗ, ಮನೆಯವರ ಆರೋಗ್ಯಕ್ಕೆ ಪಡುವಷ್ಟೇ ಕಳವಳ ಪಟ್ಟೆ.

ತಮ್ಮ ಅಸಂಖ್ಯ ಸೇವಕರಲ್ಲಿ ನಾನು ಯಾರೆಂದು ನೆನಪಿರಲಾರದು. ಒಂದು ವಾದ್ಯವೃಂದದ ಕಚೇರಿಯಲ್ಲಿ, ಝೆರಾಕ್ಸ್ ಯಂತ್ರಕ್ಕೂ ಕೈತೊಳೆಯುವ ಬೇಸಿನ್‌ಗೂ ನಡುವಿನ ಕೋಣೆಯಲ್ಲಿ ಕೂತು, ಸಂಯೋಜಕರು ಪೆನ್ಸಿಲಿನಲ್ಲಿ ಬರೆದದ್ದನ್ನು ತಮ್ಮೊಳಗೆ ತುಂಬಿಸಿ, ಎಲ್ಲ ವಾದ್ಯಗಳ ಸಾಲುಗಳೂ ಒಂದರ ಕೆಳಗೊಂದಿರುವ ದೊಡ್ಡ ಸ್ಕೋರನ್ನೂ ಒಬ್ಬೊಬ್ಬ ವಾದಕರ ಮುಂದಿಡುವ ಬಿಡಿ ಹಾಳೆಗಳನ್ನೂ ಮುದ್ರಿಸಿಕೊಡುವವಳು ನಾನು. ಹದಿನೆಂಟು ವರ್ಷದ ಈ ಕೆಲಸದಲ್ಲಿ ತಮ್ಮಿಂದ ಕಲಿತಷ್ಟು ತಾಳ್ಮೆಯನ್ನು ತವರಿನಲ್ಲೂ ಕಲಿಯಲಿಲ್ಲ, ಅತ್ತೆಮನೆಯಲ್ಲೂ ಕಲಿಯಲಿಲ್ಲ. ಟ್ರಂಪೆಟ್‌ನ ಒಂದು ಚುಕ್ಕೆಯನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಹಾರ್ಪ್‌ನ ಇಡೀ ಸಾಲು ಮುನಿಸಿಕೊಂಡು ಮುಂದಿನ ಪುಟಕ್ಕೆ ಹೋಗಿ ಕೂರುತ್ತದೆ; ಅದನ್ನು ಓಲೈಸಿ ಕರೆತರುವಷ್ಟರಲ್ಲಿ ವಯೋಲಾದವರು ಪುಟ ತಿರುಗಿಸಬೇಕಾದ ಜಾಗವು, ಅವರ ಎರಡು ಕೈಗೂ ಉಸಿರಾಡಲು ಪುರುಸೊತ್ತಿಲ್ಲದ ಕಡೆಗೇ ಬಂದು ನಿಂತಿರುತ್ತದೆ. ವಯೋಲಾದವರು ಇದಕ್ಕೆ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ತಮ್ಮ ಹೆಸರನ್ನು ನಾನು ಒಮ್ಮೆಯೂ ಎತ್ತಿಲ್ಲ.

ಆದರೆ ಈ ಅರಿಕೆ ವಯೋಲಾದವರ ಕುರಿತದ್ದಲ್ಲ, ನನ್ನ ಮಾವನವರ ಕುರಿತದ್ದು. ಇದೇ ವಾದ್ಯವೃಂದದಲ್ಲಿ ಮೂವತ್ತು ವರ್ಷ ಚೆಲ್ಲೋ ನುಡಿಸಿ ನಿವೃತ್ತರಾದ ಅವರು, ಆಮೇಲಿನ ಹನ್ನೊಂದು ವರ್ಷ ನಮ್ಮ ಊಟದ ಮೇಜಿನ ಮುಕ್ಕಾಲು ಭಾಗವನ್ನು ಆಕ್ರಮಿಸಿಕೊಂಡು, ಎಪ್ಪತ್ತೆರಡು ವಾದಕರಿಗೆಂದು ಒಂದೇ ಒಂದು ಕೃತಿ ಬರೆದರು. ಉಳಿದ ಕಾಲು ಭಾಗದಲ್ಲಿ ನಾನೂ ನನ್ನ ಗಂಡನೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಊಟ ಮಾಡಿದೆವು. ಕೊನೆಗೆ ವಾದ್ಯವೃಂದದ ನಿರ್ದೇಶಕಿಯವರು ಅದನ್ನು ನೋಡಿ, ಈ ವರ್ಷದ ಕಡೆಯ ಸಂಗೀತ ಕಛೇರಿಯಲ್ಲಿ ನುಡಿಸೋಣವೆಂದರು. ಮಾವ ಬರೆದದ್ದು ಅವರ ಕಿವಿಗೇ ಬೀಳುವುದು ಅದೇ ಮೊದಲು. ಸ್ವರಲಿಪಿ ಮಾಡುವ ಭಾಗ್ಯ ಮನೆಯ ಸೊಸೆಗೇ ಬಂತು.

ನೂರ ನಲವತ್ತಮೂರನೇ ಪುಟದಲ್ಲಿ, ಎಲ್ಲರೂ ಗಂಟಲು ಹರಿಯುವಂತೆ ನುಡಿಸುತ್ತಿದ್ದವರು ಒಮ್ಮೆಗೇ ನಿಂತುಬಿಡುತ್ತಾರೆ, ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯಗಳಲ್ಲಿ ಎರಡನೆಯದೊಂದು ಮಾತ್ರ ತನ್ನ ತಳದ ತಳಕ್ಕಿಳಿದು ನಾಲ್ಕು ಬಾರ್, ಅಂದರೆ ನಾಲ್ಕು ತಾಳಾವರ್ತಗಳ ಉದ್ದಕ್ಕೆ ಒಂದೇ ಸ್ವರ ಹಿಡಿದಿರುತ್ತದೆ. ನಾನದನ್ನು ತುಂಬಿಸಿದ ಕ್ಷಣವೇ ತಾವು ಅದಕ್ಕೆ ಕೆಂಪು ಬಳಿದಿರಿ: ಈ ವಾದ್ಯದಲ್ಲಿ ಈ ಸ್ವರ ಅಸಾಧ್ಯ. ಅನುಮಾನ ಪರಿಹಾರಕ್ಕೆಂದು ತಮ್ಮಿಂದಲೇ ನುಡಿಸಿ ಕೇಳಿದೆ. ಎಪ್ಪತ್ತೆರಡು ಜನರನ್ನೂ ಒಬ್ಬರೇ ಅನುಕರಿಸಬಲ್ಲ ತಾವು, ತಮ್ಮ ಭಂಡಾರದಲ್ಲಿ ಆ ಸ್ವರವೇ ಇಲ್ಲದ್ದರಿಂದ, ನಾಲ್ಕೂ ಬಾರ್ ಬಾಯಿ ಮುಚ್ಚಿಕೊಂಡಿದ್ದಿರಿ. ತಮ್ಮಲ್ಲಿ ಇಲ್ಲದ್ದು ಲೋಕದಲ್ಲೂ ಇರಲಾರದೆಂಬ ತಮ್ಮ ಆತ್ಮವಿಶ್ವಾಸಕ್ಕೆ ನಾನು ಮನಸೋತೆ.

ಮಾವನನ್ನು ಕೇಳಬಹುದಿತ್ತು. ಆ ವಾರ ಅವರು ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಸಿಕೊಂಡು ಒಳಕೋಣೆಯಲ್ಲಿ ಮಲಗಿದ್ದರು. ಪೊರೆಗಣ್ಣಿನಲ್ಲಿ ಮೂರ್ನಾಲ್ಕು ಗೆರೆ ತಪ್ಪಿ ಕೆಳಗೆ ಬರೆದಿರಬೇಕು, ಪಾಪ, ಈ ವಯಸ್ಸಿನಲ್ಲಿ ಯಾಕೆ ಮುಜುಗರ ಪಡಿಸಲಿ ಎಂಬ ದೊಡ್ಡಮನಸ್ಸಿನಿಂದ ಆ ಸ್ವರವನ್ನು ಸದ್ದಿಲ್ಲದೆ ಒಂದು ಸ್ಥಾಯಿ ಮೇಲೇರಿಸಿದೆ. ಕೆಂಪು ಕಪ್ಪಾಯಿತು. ತಾವು ಸಂತುಷ್ಟರಾದಿರಿ, ಪುಣ್ಯದ ಕೆಲಸ ಮಾಡಿದೆನೆಂದು ನಾನೂ ಬೀಗಿದೆ.

ಮೊದಲ ತಾಲೀಮಿನ ಬೆಳಿಗ್ಗೆ ಮಾವ ಕಪ್ಪು ಕನ್ನಡಕ ಹಾಕಿಕೊಂಡು, ಮದುವೆಗೆ ಹೊರಟವರಂತೆ ಇಸ್ತ್ರಿಯ ಅಂಗಿ ತೊಟ್ಟು, ಖಾಲಿ ಸಭಾಂಗಣದ ಏಳನೇ ಸಾಲಿನಲ್ಲಿ ಕೂತರು. ಎಲ್ಲವೂ ಚೆನ್ನಾಗಿಯೇ ನಡೆದು ಆ ಪುಟ ಬಂತು, ಎಲ್ಲರೂ ನಿಂತರು, ಎರಡನೇ ಹಾರ್ನ್ ತಾವು ಅನುಮತಿಸಿದ ಸ್ವರವನ್ನು ಊದಿತು. ಯಾರಿಗೂ ತೊಂದರೆ ಕೊಡದ, ಬಹಳ ಸಭ್ಯವಾದ ಸ್ವರ. ಅಷ್ಟು ದೊಡ್ಡ ಗದ್ದಲ ನಿಂತ ಮೇಲೆ ಪಕ್ಕದ ಮನೆಯವರು ಸಕ್ಕರೆ ಕೇಳಲು ಬಂದ ಹಾಗಿತ್ತು. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬಿಡುವಿನಲ್ಲಿ ನಿಧಾನವಾಗಿ ವೇದಿಕೆಯ ಬಳಿ ಹೋಗಿ ನಿರ್ದೇಶಕಿಗೆ, “ಆ ನಾಲ್ಕು ಬಾರ್ ತೆಗೆದುಬಿಡಿ ತಾಯಿ. ಬರೆಯುವಾಗ ಏನೋ ದೊಡ್ಡದು ಅಂದ್ಕೊಂಡಿದ್ದೆ. ಅಷ್ಟೇನಿಲ್ಲ,” ಎಂದರು. ಮಹಾಶಯರೇ, ಹನ್ನೊಂದು ವರ್ಷದಲ್ಲಿ ಅವರು ಒಂದು ಅಲ್ಪವಿರಾಮವನ್ನೂ ಯಾರ ಮಾತಿಗೂ ಬಿಟ್ಟುಕೊಟ್ಟವರಲ್ಲ.

ನಾನು ವೇದಿಕೆಯ ಪಕ್ಕದಲ್ಲಿ ನಿಂತಿದ್ದಾಗ ಎರಡನೇ ಹಾರ್ನ್‌ನವರು ತಮ್ಮ ಹಾಳೆ ಹಿಡಿದು ನೇರ ನನ್ನ ಬಳಿಗೇ ಬಂದರು. ಸದಾ ತಳದ ಸ್ವರಗಳಲ್ಲೇ ವಾಸಿಸುವುದರಿಂದ ಅವರನ್ನು ಎಲ್ಲರೂ ‘ನೆಲಮಾಳಿಗೆ’ ಎಂದು ಕರೆಯುತ್ತಾರೆ, ಅವರೂ ಓಗೊಡುತ್ತಾರೆ.

“ಏನಮ್ಮಾ, ಇದನ್ನ ಮಹಡಿ ಹತ್ತಿಸಿದ್ದು ಯಾರು? ಈ ಸ್ವರ ಹಿಂಗಲ್ಲ. ನಿಮ್ಮ ಮಾವನಿಗೆ ಹಿಂದಿನ ಮೆಟ್ಟಿಲ ಕೆಳಗೆ ನಿಂತು ನಾನೇ ಊದಿ ತೋರಿಸಿದ್ದೆ. ‘ಇದಕ್ಕೆ ಅಂತಲೇ ಒಂದು ಜಾಗ ಮಾಡ್ತೀನಿ, ಕಾದಿರು’ ಅಂದಿದ್ರು. ಹನ್ನೊಂದು ವರ್ಷ ಕಾದಿದ್ದೀನಿ.”

ತಪ್ಪೊಪ್ಪಿಕೊಳ್ಳಲು ಏಳನೇ ಸಾಲಿನವರೆಗೆ ನಡೆಯುವಾಗ ತಾವು ಜೊತೆಗಿದ್ದಿದ್ದರೆ ಚೆನ್ನಾಗಿತ್ತು. “ಮಾವಾ, ಅದನ್ನ ಬದಲಾಯಿಸಿದ್ದು ನಾನು. ಕೆಂಪು ತೋರಿಸ್ತು, ನಿಮ್ಮ ಕಣ್ಣಿನ ತಪ್ಪು ಅಂದ್ಕೊಂಡೆ,” ಎಂದೆ. ಅವರು ಕಪ್ಪು ಕನ್ನಡಕವನ್ನು ಹಣೆಗೇರಿಸಿದರು. “ನೀನಾ? ಸದ್ಯ! ನನ್ನ ಕಿವಿಯೇ ಹೋಯ್ತು ಅಂತ ಕೂತಿದ್ದೆ,” ಎಂದು ನಕ್ಕು, ನಗು ಮುಗಿದ ಮೇಲೆ, “ಕಣ್ಣಿಗೆ ಪಟ್ಟಿ ಕಟ್ಟಿದ್ರು, ಬಾಯಿಗಲ್ಲ. ಕೇಳಬಹುದಿತ್ತು ನೀನು,” ಎಂದರು. ಆ ಎರಡನೇ ಮಾತು ಇವತ್ತಿಗೂ ಚುಚ್ಚುತ್ತದೆ.

ತಮ್ಮಲ್ಲಿಗೆ ಬಂದು ಆ ಸ್ವರವನ್ನು ಕೆಳಗಿಳಿಸಲು ಹೋದೆ. ತಾವು ಮತ್ತೆ ಕೆಂಪಾದಿರಿ, ಸಾಲದೆಂಬಂತೆ ಮೂವತ್ತೇಳು ಪುಟಗಳನ್ನು ಹೊಸದಾಗಿ ಜೋಡಿಸತೊಡಗಿದಿರಿ, ಆಮೇಲೆ ಪ್ರತಿಕ್ರಿಯಿಸುವುದನ್ನೇ ಬಿಟ್ಟಿರಿ. ತಮ್ಮ ವಿಶ್ರಾಂತಿಗೆ ಭಂಗ ತರದೆ ನಾನು ಒಂದು ರಬ್ಬರು, ಒಂದು ಪೆನ್ಸಿಲು ತೆಗೆದುಕೊಂಡು ನಿರ್ದೇಶಕಿಯ ಸ್ಕೋರಿನಲ್ಲೂ ನೆಲಮಾಳಿಗೆಯವರ ಹಾಳೆಯಲ್ಲೂ ತಿದ್ದಿದೆ. ಎರಡೂ ಸೇರಿ ಒಂದು ನಿಮಿಷ ಹಿಡಿಯಿತು.

ಬಿಡುವಿನ ನಂತರ ಆ ಅಸಾಧ್ಯವನ್ನು ನುಡಿಸಿದರು. ಅದು ಕೇಳಿಸಿತು ಎನ್ನುವುದಕ್ಕಿಂತ ಕುರ್ಚಿಯ ಕಾಲುಗಳಿಂದ ಹತ್ತಿ ಬಂತು ಎನ್ನಬೇಕು. ವಯೋಲಾದವರೊಬ್ಬರು ಹೊರಗೆ ಲಾರಿ ನಿಂತಿದೆಯೇ ಎಂದು ಬಾಗಿಲ ಕಡೆ ತಿರುಗಿದರು. ಕಛೇರಿಯ ಸಂಜೆ ತುಂಬಿದ ಸಭಾಂಗಣದಲ್ಲಿ ನಾಲ್ಕು ಬಾರ್ ಯಾರೂ ಕೆಮ್ಮಲಿಲ್ಲ, ಪಕ್ಕದಲ್ಲಿದ್ದ ಮಾವ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದ ಕೈ ಸಡಿಲಿಸಲಿಲ್ಲ. ಚಪ್ಪಾಳೆಯ ನಡುವೆ ಅವರು ಎದ್ದು ಕೈ ಮುಗಿದದ್ದು ನಿರ್ದೇಶಕಿಗಲ್ಲ, ಹಾರ್ನ್‌ಗಳ ಸಾಲಿಗೆ.

ತಪ್ಪು ಪೂರ್ತಿ ತಮ್ಮದೆನ್ನುವಷ್ಟು ಕೃತಘ್ನಳಲ್ಲ ನಾನು. ತಾವು ಬಣ್ಣ ಬಳಿದಿರಿ, ನಂಬಿದವಳು ನಾನು. ಆದ್ದರಿಂದ ಸಣ್ಣ ಕೋರಿಕೆಗಳಷ್ಟೇ. ಮುಂದಿನ ಪರಿಷ್ಕರಣೆಗೆ ಮುನ್ನ ತಾವು ಖುದ್ದಾಗಿ ದಯಮಾಡಿಸಿ, ನೆಲಮಾಳಿಗೆಯವರ ಎದುರು ಅರ್ಧ ಗಂಟೆ ಕೂರಬೇಕು, ಕುರ್ಚಿ ನಾನು ಹಾಕಿಸುತ್ತೇನೆ. ವಯೋಲಾದವರ ಬೈಗುಳದಲ್ಲಿ ಅರ್ಧ ಪಾಲನ್ನು ವಾರಕ್ಕೊಮ್ಮೆ ತಮ್ಮ ಕಿವಿಯಲ್ಲೇ ಸ್ವೀಕರಿಸಬೇಕು. ಮತ್ತು ತಮ್ಮ ಶ್ರೀಮಂತ ವರ್ಣಪೆಟ್ಟಿಗೆಯಲ್ಲಿ ‘ಅಸಾಧ್ಯ’ದ ಪಕ್ಕದಲ್ಲಿ ‘ನನಗೆ ಗೊತ್ತಿಲ್ಲ’ ಎಂಬುದಕ್ಕೂ ಒಂದು ಬಣ್ಣವಿಡಬೇಕು. ಮಸುಕಾದ ಬೂದುಬಣ್ಣವಾದರೂ ಸರಿಯೇ.

ಬೇರೆ ದಾರಿಯಿಲ್ಲದೆ ಎಂದೆಂದಿಗೂ
ತಮ್ಮ ವಿಶ್ವಾಸಿಯಾಗಿಯೇ ಉಳಿಯಬೇಕಾದ,
ಝೆರಾಕ್ಸ್ ಪಕ್ಕದ ಕೋಣೆಯವಳು

ತಾ.ಕ.: ಮಾವ ಮತ್ತೆ ಊಟದ ಮೇಜು ಹಿಡಿದಿದ್ದಾರೆ. ಯಾವ ಯಾವ ವಾದ್ಯದಲ್ಲಿ ಯಾವ ಯಾವ ಸ್ವರಕ್ಕೆ ತಾವು ಕೆಂಪು ಬಳಿಯುತ್ತೀರೆಂದು ಒಂದು ಪೂರ್ತಿ ಪಟ್ಟಿ ಮುದ್ರಿಸಿ ತರಲು ನನಗೆ ಹೇಳಿದ್ದಾರೆ. ಹೊಸ ಕೃತಿಗೆ ಅಷ್ಟೂ ಬೇಕಂತೆ.