ಶುಕ್ರವಾರದ ಹಮೂರು

ಬಹರೈನಿನಲ್ಲಿ ಗಾಳ ಹಾಕಿ ಕೂತವನಿಗೆ ಮೀನು ಸಿಗುತ್ತದೋ ಇಲ್ಲವೋ, ಸಿಟ್ಟು ಮಾತ್ರ ವರ್ಷವಿಡೀ ಸಿಗುತ್ತದೆ. ಚಳಿಗಾಲಕ್ಕೆ ಒಂದು ನಮೂನೆಯದ್ದು, ಬೇಸಗೆಗೆ ಇನ್ನೊಂದು ನಮೂನೆಯದ್ದು. ಹನ್ನೆರಡು ವರ್ಷದಿಂದ ಅನುಭವಿಸುತ್ತಿದ್ದೇನೆ ಮಾರಾಯ್ರೆ. ನೀವು ನಗುವುದಾದರೆ ನಗಿ, ನನಗಂತೂ ಇದನ್ನು ಬರೆಯುವಾಗಲೂ ಮಂಡೆ ಬಿಸಿಯಾಗುತ್ತಿದೆ.

ಮೊದಲು ನನ್ನ ಕರ್ಮ ಏನೆಂದು ಹೇಳುತ್ತೇನೆ. ನಾನು ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ವಾರಕ್ಕೆ ಒಂದೇ ರಜೆ, ಅದು ಶುಕ್ರವಾರ. ನನ್ನ ಮಾವ, ಅಂದರೆ ಹೆಂಡತಿಯ ಅಪ್ಪ, ಮಲ್ಪೆಯಲ್ಲಿ ನಲವತ್ತು ವರ್ಷ ಬೋಟಿಗೆ ಹೋದವರು. ಹೆಣ್ಣು ನೋಡಲು ಹೋದಾಗ ಅವರು ನನ್ನ ಓದು ಕೇಳಲಿಲ್ಲ, ಕೆಲಸ ಕೇಳಲಿಲ್ಲ. "ಮೀನು ಹಿಡೀಲಿಕ್ಕೆ ಬರ್ತದಾ?" ಎಂದು ಕೇಳಿದರು. ನಾನು ಕಾರ್ಕಳದ ಕಡೆಯವನು. ನಮಗೆ ಮೀನು ಎಂದರೆ ಬೆಳಿಗ್ಗೆ ಬೈಕಿನಲ್ಲಿ ಹಾರ್ನ್ ಹೊಡೆಯುತ್ತಾ ಬರುವಂಥದ್ದು. ಆದರೂ ಹುಡುಗಿ ಬಾಗಿಲ ಹಿಂದೆಯೇ ನಿಂತಿದ್ದಳಲ್ಲ, "ಓ, ಬರ್ತದೆ" ಎಂದುಬಿಟ್ಟೆ.

ಅವತ್ತಿನಿಂದ ಫೋನು ಮಾಡಿದರೆ ಅವರ ಮೊದಲ ಮಾತೇ "ಮೀನು ಸಿಕ್ಕಿತಾ?" ಮೊಮ್ಮಕ್ಕಳು ಹೇಗಿದ್ದಾರೆ ಎಂಬುದೆಲ್ಲ ಆಮೇಲೆ. ನನ್ನ ಗಾಳಕ್ಕೆ ಬಿದ್ದ ಮೀನನ್ನು ಒಮ್ಮೆ ಅವರ ಬಟ್ಟಲಿಗೆ ಬಡಿಸಬೇಕು, ಆ ಪ್ರಶ್ನೆಯನ್ನು ಅಲ್ಲಿಗೆ ನಿಲ್ಲಿಸಬೇಕು. ನನಗಿದ್ದ ಆಸೆ ಇಷ್ಟೇ.

ಅದಕ್ಕೆ ಅಡ್ಡ ನಿಂತದ್ದು ಕ್ಯಾಲೆಂಡರು. ನಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಮೀನಿಲ್ಲ. ಅದು ಸರಿ, ಎರಡೂ ಕಡೆಯವರಿಗೆ ಇದ್ದದ್ದೇ. ಆದರೆ ಮದುವೆಯಾದಂದಿನಿಂದ ಹೆಂಡತಿ ಶುಕ್ರವಾರವೂ ಇಲ್ಲ ಎಂದಳು. ಬೇಯಿಸುವುದು ಬಿಡಿ, ಮೀನು ಹೊಸ್ತಿಲು ದಾಟಿ ಒಳಗೇ ಬರಬಾರದು. ಸಲ್ಮಾನಿಯಾದ ನಮ್ಮ ಎರಡು ಕೋಣೆಯ ಫ್ಲಾಟಿನಲ್ಲಿ ಫ್ರಿಜ್ಜೂ ದೇವರ ಮಂಟಪವೂ ಅಕ್ಕಪಕ್ಕ, ಹಾಗಾಗಿ ಫ್ರಿಜ್ಜಿಗೂ ಪ್ರವೇಶವಿಲ್ಲ. ನಾನು ಮೀನು ಹಿಡಿಯುವುದು ಯಾವತ್ತು? ಶುಕ್ರವಾರ! ಎಂಥ ಅನ್ಯಾಯ ನೋಡಿ. ಆದರೆ ಅವಳ ತವರಿನ ದೇವರ ವಿಷಯ, ಬಾಯಿ ಹಾಕಿದರೆ ಉಳಿದ ನಾಲ್ಕು ದಿನದ ಊಟಕ್ಕೂ ಕಲ್ಲು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ. ಸಿಕ್ಕಿದ ಚಿಲ್ಲರೆ ಮೀನನ್ನು ಅಲ್ಲೇ ಗಾಳ ಹಾಕುವ ಕಡಲ ಕಲ್ಲುಕಟ್ಟೆಯಲ್ಲಿ ಯಾರಿಗಾದರೂ ಕೊಟ್ಟು ಬರುವುದು.

ಜನವರಿ: ಕೊಡಿ ಸಾರ್

ನಮ್ಮ ಎದುರು ಫ್ಲಾಟಿನಲ್ಲಿ ಒಬ್ಬರು ಬೆಂಗಳೂರಿನವರು ಇದ್ದಾರೆ. ಡಿಪ್ಲೊಮ್ಯಾಟಿಕ್ ಏರಿಯಾದಲ್ಲಿ ಬ್ಯಾಂಕ್ ಕೆಲಸ. ಅವರಿಗೂ ಗಾಳದ ಹುಚ್ಚು. ಮೂರು ರಾಡು, ಕಪ್ಪು ಕನ್ನಡಕ, ಹನ್ನೆರಡು ಜೇಬಿನ ಜಾಕೆಟ್ಟು. ಇಷ್ಟೆಲ್ಲ ಇದ್ದು ಮನುಷ್ಯ ಮೊಟ್ಟೆ ಸಹ ತಿನ್ನದ ಶುದ್ಧ ಸಸ್ಯಾಹಾರಿ! ಮೀನು ಹಿಡಿಯುವುದು, ಫೋಟೊ ತೆಗೆಯುವುದು, ವಾಪಸ್ ನೀರಿಗೆ ಬಿಡುವುದು. "ಇದು ಸ್ಪೋರ್ಟ್ ಸಾರ್" ಎನ್ನುತ್ತಾರೆ. ನನಗೆ ಮೈ ಉರಿಯುತ್ತದೆ.

ಆ ಶುಕ್ರವಾರ ಹಾಳು ಚಳಿಗಾಳಿ. ಬೆಳಿಗ್ಗೆಯಿಂದ ನನ್ನ ಗಾಳ ಮಿಸುಕಾಡಲಿಲ್ಲ. ಬ್ಯಾಂಕಿನವರು ಪಾಠ ಶುರು ಮಾಡಿದರು. "ವಿಂಟರ್ ಪ್ಯಾಟರ್ನೇ ಬೇರೆ ಸಾರ್. ದಡದ ನೀರು ತಣ್ಣಗಾಗುತ್ತೆ, ಮೀನೆಲ್ಲ ಡೀಪಿಗೆ ಹೋಗ್ಬಿಡುತ್ತೆ. ದೂರ ಎಸೀರಿ, ತಳಕ್ಕೆ ಬಿಡಿ, ನಿಧಾನಕ್ಕೆ ಎಳೀರಿ. ಚಳಿಗೆ ಮೀನಿಗೂ ಸೋಮಾರಿತನ."

ತಿನ್ನದವನು ತಿನ್ನುವವನಿಗೆ ಮೀನಿನ ಪಾಠ ಮಾಡುವುದು! ಸಿಟ್ಟಿನಲ್ಲೇ ದೂರಕ್ಕೆ ಎಸೆದೆ. ಅದಕ್ಕಿಂತ ದೊಡ್ಡ ಸಿಟ್ಟು ಎಂದರೆ ಅವರು ಹೇಳಿದ್ದು ಸರಿಯಾಗಿತ್ತು. ಅರ್ಧ ಗಂಟೆಯಲ್ಲಿ ಮೊಳಕೈ ಉದ್ದದ ಶೇರಿ ಮೀನು ಬಿತ್ತು. ಮನೆಗೆ ಒಯ್ಯಲಾಗದಿದ್ದರೇನು, ಹಿಡಿದುಕೊಂಡು ಫೋಟೊ ತೆಗೆಸಿ ಮಾವನಿಗೆ ಕಳುಹಿಸಬಹುದಲ್ಲ! ಆದರೆ ಕೈ ಮರಗಟ್ಟಿತ್ತು, ಕೊಕ್ಕೆ ಬಿಡಿಸಲು ಆಗಲಿಲ್ಲ.

"ಕೊಡಿ ಸಾರ್, ನಾನು ತೆಗೀತೀನಿ" ಎಂದರು. ಕೊಟ್ಟೆ. ನಾಜೂಕಾಗಿ ಕೊಕ್ಕೆ ಬಿಡಿಸಿದರು. ತಾವೇ ಹಿಡಿದುಕೊಂಡು ಒಂದು ಸೆಲ್ಫಿ ತೆಗೆದರು. ಮೀನಿನ ಬೆನ್ನು ಸವರಿ "ಬೈ ಬೈ" ಎಂದು ನೀರಿಗೆ ಬಿಟ್ಟೇಬಿಟ್ಟರು!

ನಾನು ಬಗ್ಗಿ ನೀರಿನಲ್ಲಿ ಹುಡುಕಿದೆ. "ಅಯ್ಯೋ ಸಾರಿ ಸಾರ್, ಅಭ್ಯಾಸಬಲ" ಎಂದರು.

ನನಗೆ ತಡೆಯಲಿಲ್ಲ. ಅವರ ಬಗ್ಗೆ, ಅವರ ಬ್ಯಾಂಕಿನ ಬಗ್ಗೆ, ಆ ಹನ್ನೆರಡು ಜೇಬಿನ ಬಗ್ಗೆ ಐದು ನಿಮಿಷ ಒಂದೇ ಉಸಿರಿಗೆ ತುಳುವಿನಲ್ಲಿ ಬೈದೆ. ಅವರು ಕನ್ನಡಕ ತೆಗೆದು ಕೇಳಿಸಿಕೊಂಡು, "ನಿಮ್ಮ ಭಾಷೆ ತುಂಬ ಸ್ವೀಟ್ ಸಾರ್" ಎಂದರು.

ಮಾರ್ಚ್: ಹೇಳಿದ್ದು ಕೇಳುವವನು

ಚಳಿ ಬಿಡುತ್ತಿದ್ದಂತೆ ಮೀನು ದಡದ ಪಾಚಿಯ ಕಡೆಗೆ ಬರುತ್ತದೆ. ಈ ಸಲ ಬ್ಯಾಂಕಿನವರ ಸಹವಾಸವೇ ಬೇಡ ಎಂದು ಮಾವನಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಗಾಳದ ಡಬ್ಬಿಗೆ ಒರಗಿಸಿ ಇಟ್ಟೆ. ಮಾವ ಮಲ್ಪೆಯಿಂದಲೇ ಶುರು ಮಾಡಿದರು.

"ನೀರು ತೋರಿಸಿ. ಅಲ್ಲಿ ಕಪ್ಪು ಕಾಣ್ತದಲ್ಲ, ಅದು ಪಾಚಿ. ಅದರ ಅಂಚಿಗೆ ಹಾಕಿ. ಛೇ, ಅಲ್ಲಲ್ಲ! ಎಂತ ಎಸೆಯುವುದು ಅದು, ಬಟ್ಟೆ ಒಗೆಯುವುದಾ?"

ಅವರ ಸ್ವರ ಬೋಟಿನ ಇಂಜಿನ್ನಿನ ಮೇಲೆ ಕೂಗಿ ಬೆಳೆದದ್ದು. ಕಟ್ಟೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪಕ್ಕದಲ್ಲಿ ಕೂತಿದ್ದ ಪಠಾಣ ಟ್ರಕ್ ಡ್ರೈವರು ಎದ್ದು ಬಂದು ಫೋನಿನೊಳಗೆ ಇಣುಕಿ, "ಚಾಚಾ, ಔರ್ ಮೈಂ ಕಹಾಂ ಡಾಲೂಂ?" ಎಂದು ತನ್ನ ಗಾಳಕ್ಕೂ ಜಾಗ ಕೇಳಿದ.

ಮಾವ ಹಿಂದೆ ರತ್ನಾಗಿರಿ ಕಡೆಯ ಬೋಟಿನಲ್ಲೂ ದುಡಿದವರು, ಹಿಂದಿ ನೀರು ಕುಡಿದಷ್ಟು ಸಲೀಸು. "ಬೇಟಾ, ಸೀಸಾ ಹಲ್ಕಾ ಕರೋ" ಎಂದು ಅವನಿಗೆ ಹೇಳಲು ಕೂತರು. ಅವನು ಸೀಸದ ಗುಂಡು ಬಿಚ್ಚಿ ಚಿಕ್ಕದು ಕಟ್ಟಿದ. ಇಬ್ಬರೂ ಸಂಸಾರದ ಸುಖದುಃಖ ಮಾತಾಡಿಕೊಂಡರು. ಮೊಮ್ಮಕ್ಕಳು ಹೇಗಿದ್ದಾರೆ ಎಂದು ನನ್ನಲ್ಲಿ ಕಡೆಗೆ ಕೇಳುವ ಮನುಷ್ಯ, ಅವನ ಮಕ್ಕಳ ಹೆಸರನ್ನೆಲ್ಲ ಮೊದಲೇ ಕೇಳಿದರು! ಫೋನು ನನ್ನದು, ಡೇಟಾ ನನ್ನದು, ಮಾವ ನನ್ನವರು. ನಾನು ಬಿಸಿಲಿಗೆ ಫೋನಿಗೆ ಕೊಡೆ ಹಿಡಿದು ನಿಂತದ್ದು.

ಹತ್ತೇ ನಿಮಿಷ. ಪಠಾಣನಿಗೆ ಒಂದರ ಹಿಂದೊಂದು ಮೂರು ಮೀನು ಬಿತ್ತು. ಅವನು ಫೋನಿಗೆ ಮುತ್ತು ಕೊಟ್ಟು ಹೋದ. ಮಾವ ನನ್ನ ಕಡೆ ತಿರುಗಿ ಕೇಳಿದರು, "ಹ್ಞಾಂ, ನಿಮಗೆ ಮೀನು ಸಿಕ್ಕಿತಾ?"

ಜೂನ್: ಕಾರಿನಲ್ಲಿ ವಾಸ

ಜೂನ್ ಬಂದರೆ ದಡದ ನೀರು ಅಕ್ಕಿ ಬೇಯಿಸುವಷ್ಟು ಬಿಸಿ. ಸೂರ್ಯ ಏಳುವ ಮುಂಚಿನ ಒಂದು ಗಂಟೆ ಹಿಡಿದದ್ದೇ ಬಂತು, ಆಮೇಲೆ ಮೀನೂ ಇಲ್ಲ ಮನುಷ್ಯರೂ ಇಲ್ಲ. ಹಾಗೆ ಒಂದು ಶುಕ್ರವಾರ ನಸುಕಿನಲ್ಲಿ ನಾಲ್ಕು ಒಳ್ಳೆಯ ಸಾಫಿ ಮೀನು ಸಿಕ್ಕಿತು. ಯಾರಿಗೂ ಕೊಡುವುದಿಲ್ಲ ಎಂದು ಹಟ ಹಿಡಿದೆ. ಶುಕ್ರವಾರ ಹೊಸ್ತಿಲು ದಾಟಬಾರದು, ಶನಿವಾರ ಹೇಗೂ ಇಲ್ಲ. ಭಾನುವಾರ ಡ್ಯೂಟಿ ಮುಗಿಸಿ ಬಂದು ಹುಳಿಖಾರದ ಪುಳಿಮುಂಚಿ ಮಾಡಿಸುವುದು. ಅಲ್ಲಿಯವರೆಗೆ ಐಸ್ ಪೆಟ್ಟಿಗೆಯಲ್ಲಿ ಹಾಕಿ ಕಾರಿನ ಡಿಕ್ಕಿಯಲ್ಲಿಟ್ಟೆ. ಕಾರು ಕಂಪನಿಯದ್ದು.

ಎರಡು ದಿನಕ್ಕೆ ಐಸು ಎಲ್ಲಿ ಉಳಿಯುತ್ತದೆ, ನನ್ನ ಮಂಡೆಗೆ ಮಣ್ಣು! ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಗೋದಾಮಿನ ಮುದೀರ್, ನಮ್ಮ ದೊಡ್ಡ ಮ್ಯಾನೇಜರು, ಸೂಟು ಹಾಕಿಕೊಂಡು ಬಂದು "ನನ್ನ ಗಾಡಿ ಸರ್ವೀಸಿಗೆ ಹೋಗಿದೆ, ಮೀಟಿಂಗಿಗೆ ಬಿಡು" ಎಂದು ನನ್ನ ಕಾರಿಗೆ ಹತ್ತಿದರು.

ಬಾಗಿಲು ಹಾಕಿದ ಕೂಡಲೇ ಇಬ್ಬರಿಗೂ ಗೊತ್ತಾಯಿತು. ನಾನು ಏಸಿ ಜೋರು ಮಾಡಿದೆ. ಏಸಿ ಅದನ್ನೇ ತಿರುಗಿಸಿ ಮುಖಕ್ಕೆ ಕೊಟ್ಟಿತು. ಮುದೀರ್ ಕರ್ಚೀಫು ತೆಗೆದರು, ಆಮೇಲೆ ಆ ಉರಿಯಲ್ಲಿ ಕಿಟಕಿ ಇಳಿಸಿದರು. ಸಿಗ್ನಲ್ಲಿನಲ್ಲಿ ಗಂಭೀರವಾಗಿ ಕೇಳಿದರು, "ನಿಜ ಹೇಳು, ಈ ಗಾಡಿಯಲ್ಲಿ ಯಾರಾದರೂ ಸತ್ತಿದ್ದಾರಾ?"

ನನಗೆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು. "ಹೌದು ಸಾರ್, ಶುಕ್ರವಾರ."

ಕಂಪನಿ ಕಾರಿನಲ್ಲಿ ಮೀನು ಸಾಗಿಸಬಾರದು ಎಂದು ಮಾರನೇ ದಿನವೇ ನೋಟೀಸು ಅಂಟಿಸಿದರು. ಇಡೀ ಗೋದಾಮಿನಲ್ಲಿ ಆ ನೋಟೀಸಿಗೆ ಸಹಿ ಹಾಕಬೇಕಾದವನು ನಾನೊಬ್ಬನೇ.

ನವೆಂಬರ್: ಹಮೂರು

ನೀರು ಮತ್ತೆ ತಂಪಾದಾಗ ಹಮೂರು ಕಲ್ಲಿನ ಬುಡಕ್ಕೆ ಬರುತ್ತದೆ. ನಮ್ಮೂರಿನ ಮುರು ಮೀನು. ಮೀನುಗಳಲ್ಲಿ ಅದರ ಗತ್ತೇ ಬೇರೆ. ಸರಿಯಾಗಿ ಅದೇ ಸಮಯಕ್ಕೆ ಮಾವ ವಿಸಿಟ್ ವೀಸಾದಲ್ಲಿ ಎರಡು ವಾರಕ್ಕೆ ಬಂದರು. ಬಂದವರು ಚೀಲ ಇಳಿಸುವ ಮೊದಲೇ ಕೇಳಿದ್ದು ಏನೆಂದು ನಾನು ಹೇಳಬೇಕಾಗಿಲ್ಲ.

ಮೊದಲ ಶುಕ್ರವಾರ ಇಬ್ಬರೂ ಹೋದೆವು. ಗಾಳಿ ಎಂದರೆ ಗಾಳಿ, ಒಂದು ಏಡಿಯೂ ಸಿಗಲಿಲ್ಲ. ಮಾವನಿಗೆ ಶೀತ ಹಿಡಿಯಿತು. ಮನೆಗೆ ಬಂದು ಬೇಳೆಸಾರು, ಹಪ್ಪಳ ಉಂಡು ಮಾತಿಲ್ಲದೆ ಮಲಗಿದರು. ಎರಡನೇ ಶುಕ್ರವಾರ ಹೆಂಡತಿ ಅಪ್ಪನನ್ನು ಹೊರಗೆ ಬಿಡಲಿಲ್ಲ. ಮರುದಿನ ಸಂಜೆ ಅವರ ವಿಮಾನ. ಇವತ್ತು ತಪ್ಪಿದರೆ ತಪ್ಪಿತು. ಶುಕ್ರವಾರವಾದರೂ ಚಿಂತೆಯಿಲ್ಲ, ದೊಡ್ಡ ಮೀನು ಸಿಕ್ಕಿದರೆ ಹೆಂಡತಿಯ ಮನಸ್ಸು ಕರಗೀತು ಎಂದು ಒಬ್ಬನೇ ಹೊರಟೆ. ಒಬ್ಬನೇ ಎಲ್ಲಿಂದ, ಹಿಂದೆಯೇ ಬ್ಯಾಂಕಿನವರು.

ಬೆಳಿಗ್ಗೆ ಹತ್ತರ ಹೊತ್ತಿಗೆ ಗಾಳದ ತಂಗೂಸಿ ದಾರ ಒಮ್ಮೆಲೇ ಬಿಗಿಯಾಯಿತು. ಮಾವ ಹೇಳಿಕೊಟ್ಟದ್ದು ನೆನಪಿತ್ತು: ಮುರು ಕಚ್ಚಿದರೆ ಯೋಚನೆ ಮಾಡಬೇಡಿ, ಕಲ್ಲಿನ ಸಂದಿಗೆ ನುಗ್ಗುವ ಮೊದಲು ಎಳೆಯಿರಿ. ಎಳೆದೆ. ಬೆರಳು ಕುಯ್ದು ರಕ್ತ ಬಂತು, ಬಿಡಲಿಲ್ಲ. ಮೇಲೆ ಬಂದದ್ದು ಆರು ಕಿಲೋಕ್ಕೆ ಕಡಿಮೆಯಿಲ್ಲದ ಹಮೂರು! ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ.

ಪಾಚಿ ಕಲ್ಲಿನ ನಡುವಿನ ನೀರುಗುಂಡಿಯಲ್ಲಿ ಅದನ್ನಿಟ್ಟು ಹೆಂಡತಿಗೆ ಫೋನು ಮಾಡಿದೆ. "ಹಮೂರು ಸಿಕ್ಕಿತು! ಇವತ್ತು ಒಂದು ದಿನ ಮಾಡುವ."

"ಶುಕ್ರವಾರ ಅಂತ ಗೊತ್ತುಂಟಲ್ಲ ನಿಮಗೆ?"

"ಮಾವ ನಾಳೆ ಹೋಗ್ತಾರೆ ಮಾರಾಯ್ತಿ!"

"ನಾಳೆ ಶನಿವಾರ. ಹನ್ನೆರಡು ವರ್ಷ ನಡೆಸಿಕೊಂಡು ಬಂದದ್ದನ್ನು ಈಗ ಮುರಿಯುವುದಾ? ದೇವರಿಗೆ ಏನು ಹೇಳುವುದು ನಾನು?" ಫೋನಿಟ್ಟಳು.

ಪಿತ್ತ ನೆತ್ತಿಗೇರಿತು. ಮಾವನಿಗೆ ಬಡಿಸಲಾಗದ ಮೀನು ನನಗೆ ಯಾಕೆ? ಬಿಲ್ಡಿಂಗಿನ ಕೆಳಗೆ ಅವರನ್ನು ಕರೆದು ತೋರಿಸಿ, ಬಾಯಲ್ಲಿ ನೀರು ಬರಿಸಿ, ಮೇಲೆ ಕರೆದುಕೊಂಡು ಹೋಗಿ ಬೇಳೆಸಾರು ಬಡಿಸುವುದಾ? ಕಾರಿನಲ್ಲಿಡಲು ನೋಟೀಸು ಬೇರೆ. "ಹೋಗು ಅತ್ಲಾಗಿ!" ಎಂದು ಎರಡೂ ಕೈಯಲ್ಲಿ ಎತ್ತಿ ಕಡಲಿಗೇ ಬಿಟ್ಟೆ.

ಹಿಂದೆ ಚಪ್ಪಾಳೆ. ಬ್ಯಾಂಕಿನವರು ಅಷ್ಟನ್ನೂ ವಿಡಿಯೋ ಮಾಡಿದ್ದರು. "ಸೂಪರ್ ಸಾರ್! ಈಗ ನೀವು ನಿಜವಾದ ಸ್ಪೋರ್ಟ್ಸ್‌ಮನ್." ಅವರನ್ನೂ ಅದೇ ಕಡೆಗೆ ದೂಡಬೇಕೆನ್ನಿಸಿತು.

ಮನೆಗೆ ಬರುವಾಗ ಆ ವಿಡಿಯೋ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಬಂದಾಗಿತ್ತು, ಹೆಂಡತಿಯ ಫೋನಿನಲ್ಲಿ ಮಾವ ನಾಲ್ಕನೇ ಸಲ ನೋಡುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಒಳ್ಳೆ ಎಳೆದಿದ್ದೀರಿ. ಕೈ ಒಳ್ಳೆದುಂಟು ನಿಮ್ಮದು." ಹನ್ನೆರಡು ವರ್ಷದಲ್ಲಿ ಮೊದಲ ಹೊಗಳಿಕೆ. ಆಮೇಲೆ ಕೇಳಿದರು, "ಅಲ್ಲ, ಕಡಲಿಗೆ ಬಿಟ್ಟದ್ದು ಎಂತಕ್ಕೆ?"

"ಶುಕ್ರವಾರ ಅಲ್ವಾ ಮಾವ."

"ಶುಕ್ರವಾರ ಆದ್ರೆ ಎಂತ?"

"ನಿಮ್ಮ ಮನೆಯಲ್ಲಿ ಶುಕ್ರವಾರ ಮೀನಿಲ್ಲವಲ್ಲ!"

"ನಮ್ಮಲ್ಲಾ? ಯಾರು ಹೇಳಿದ್ದು ನಿಮಗೆ? ನಮ್ಮಲ್ಲಿ ಶುಕ್ರವಾರ ಬಂಗುಡೆ ಇಲ್ಲದೆ ಊಟವೇ ಇಲ್ಲ. ಹೋದ ವಾರ ಸಾರು ಬಡಿಸಿದಾಗ ಅಳಿಯನ ಮನೆಯ ಕಟ್ಟಳೆ ಅಂತ ನಾನು ಬಾಯಿ ಮುಚ್ಚಿ ಉಂಡದ್ದು."

ನಾನು ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. "ಅದು ನಿಮ್ಮ ಮನೆಯದ್ದಲ್ವಾ?" ಎಂದಳು. "ಮದುವೆಯಾದ ಮೊದಲ ಶುಕ್ರವಾರ ಅತ್ತೆಯೇ ಕೇಳಿದ್ರು, ಇವತ್ತು ಶುಕ್ರವಾರ, ಮೀನು ತರಿಸುವುದಾ ಅಂತ. ಹಾಗೆ ಕೇಳಿದ್ರೆ ಬೇಡ ಅಂತಲೇ ಅರ್ಥ ಅಲ್ವಾ? ಬೇಡ ಅತ್ತೆ ಅಂದೆ. ನಿಮ್ಮಮ್ಮನ ಮರ್ಯಾದೆ ಅಂತ ನಾನು ಇಷ್ಟು ವರ್ಷ ಬಾಯಿ ಕಟ್ಟಿಕೊಂಡು ಕೂತದ್ದು!"

ಅಲ್ಲೇ ನಿಂತು ಕಾರ್ಕಳಕ್ಕೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದೆ. "ಅಮ್ಮ, ಶುಕ್ರವಾರ ಮೀನು ತಿನ್ನಬಾರದು ಅಂತ ಮಾಡಿದ್ದು ಯಾರು?"

"ಯಾರು ಅಂದ್ರೆ? ನಿನ್ನ ಹೆಂಡತಿ ಕಡೆಯವರು ಮಗಾ. ಅವಳ ಮನೆಯಲ್ಲಿ ಹೇಗೋ ಏನೋ ಅಂತ ನಾನು ಕೇಳಿದೆ, ಪಾಪ, ಬೇಡ ಅಂದಳು. ಪರವೂರಿನಲ್ಲಿ ಸೊಸೆ ಅಷ್ಟು ನಿಷ್ಠೆಯಿಂದ ಬಿಟ್ಟಿರುವಾಗ ನಾನಿಲ್ಲಿ ತಿಂದ್ರೆ ಚಂದವಾ? ಅವತ್ತಿನಿಂದ ನಾನೂ ಶುಕ್ರವಾರ ಮೀನು ಮುಟ್ಟಲಿಲ್ಲ!"

ಮಾವ ಮಫ್ಲರ್ ಸುತ್ತಿಕೊಂಡು ಚಪ್ಪಲಿ ಹುಡುಕಿದರು. "ಬೆಳಕುಂಟು ಇನ್ನು. ಗಾಳ ತೆಗೊಳ್ಳಿ."

ಸೂರ್ಯ ಮುಳುಗುವವರೆಗೆ ಕೂತೆವು. ಹಮೂರು ಬರಲಿಲ್ಲ, ಅದಕ್ಕೇನು ನಮ್ಮಷ್ಟು ಬುದ್ಧಿ ಕಮ್ಮಿಯಾ? ಕಡೆಗೆ ಅಂಗೈ ಅಗಲದ ಒಂದು ಶೇರಿ ಬಿತ್ತು. ಹಿಂದಿನಿಂದ ಬ್ಯಾಂಕಿನವರ ಕೈ ಮುಂದೆ ಬಂತು, "ಕೊಡಿ ಸಾರ್, ನಾನು ತೆಗೀತೀನಿ." ನಾನೂ ಮಾವನೂ ಒಟ್ಟಿಗೇ ಕಿರುಚಿದ್ದಕ್ಕೆ ಅವರ ಕನ್ನಡಕ ನೀರಿಗೆ ಬಿತ್ತು.

ಮನೆಯಲ್ಲಿ ಹೆಂಡತಿ ಮೆಣಸಿನ ಮಸಾಲೆ ಅರೆದು ಕಾವಲಿ ಬಿಸಿ ಮಾಡಿಟ್ಟಿದ್ದಳು. ಆ ಒಂದು ಮೀನನ್ನು ಹುರಿದು ನಾನೇ ಮಾವನ ಬಟ್ಟಲಿಗೆ ಬಡಿಸಿದೆ. ಮುಳ್ಳು ಸಹ ಬಿಡದೆ ತಿಂದು ಬೆರಳು ನೆಕ್ಕಿ, "ಮೀನು ಸಿಕ್ಕಿತು" ಎಂದರು. ಹನ್ನೆರಡು ವರ್ಷದ ಪ್ರಶ್ನೆ ಮುಗಿಯಿತು ಎಂದು ನಾನು ದೇವರಿಗೆ ಕೈ ಮುಗಿದೆ.

ಮಾವ ಊರು ಮುಟ್ಟಿದ ದಿನವೇ ಫೋನು ಬಂತು. ಪ್ರಯಾಣ ಹೇಗಾಯಿತು ಎಂದು ಕೇಳಲು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಆ ಕಡೆಯಿಂದ ಕೇಳಿತು:

"ಆ ಬಿಟ್ಟ ಮೀನು ಮತ್ತೆ ಸಿಕ್ಕಿತಾ?"